ಹೆಸರು ಹೇಳದ ತಾಯಿಯ ಶಿಫಾರಸು

ಕತಾರ್ ದೇಶದಲ್ಲಿ, ದೋಹಾಕ್ಕೆ ಅಂಟಿಕೊಂಡ ಅಲ್ ರಯ್ಯಾನಿನ ಕನ್ನಡದ ಮನೆಗಳಲ್ಲಿ ಯಾರಿಗೆ ಯಾವ ಕಾಗದದ ಮೇಲೆ ಅನುಮಾನ ಬಂದರೂ ಅದು ಕೊನೆಗೆ ಜಾಹ್ನವಿಯ ಊಟದ ಮೇಜಿಗೆ ಬಂದು ಬೀಳುತ್ತಿತ್ತು. ಬಾಡಿಗೆ ಕರಾರು, ಶಾಲೆಯ ಫಾರಂ, ಊರಲ್ಲಿ ಸೈಟು ಕೊಂಡ ಪತ್ರ, ಎಲ್ಲವೂ. ಹದಿನಾಲ್ಕು ವರ್ಷದಿಂದ ಅವಳು ಕಟ್ಟಡದ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆ, ಪರವಾನಗಿ, ಪತ್ರ ಯಾವುದೇ ಇರಲಿ, ಅವಳ ಕಣ್ಣು ದಾಟದೆ ಸೈಟಿಗೆ ಹೋಗುವಂತಿಲ್ಲ. ಒಮ್ಮೆ ಹಳೆಯ ತಾರೀಕಿನ ನಕ್ಷೆಯನ್ನು ಹಿಡಿದು ಈಜಿಪ್ಟಿನ ಇಂಜಿನಿಯರನಿಗೆ ವಾಪಸು ಕಳಿಸಿದಳು. ಅವನು ಬಂದು "ಯಲ್ಲಾ ಮೇಡಂ, ಮಾಫಿ ಮುಶ್ಕಿಲ್, ತೊಂದರೆಯೇನಿಲ್ಲ, ಬಿಟ್ಟುಬಿಡಿ" ಎಂದು ನಕ್ಕ. "ಮುಶ್ಕಿಲ್ ನಿನಗಿಲ್ಲಪ್ಪ, ತೊಲೆಯ ಕೆಳಗೆ ನಿಂತವನಿಗೆ" ಎಂದು ಇವಳು ನಗದೇ ಹೇಳಿದಳಂತೆ. ಆ ಕಥೆ ಕನ್ನಡದವರ ಗುಂಪಿನಲ್ಲಿ ಬೇಕಾದಷ್ಟು ಸಲ ತಿರುಗಿದೆ. ಜಾಹ್ನವಿ ನೋಡಿ ಸರಿ ಅಂದರೆ ಸರಿ.

ಇಂಥ ಜಾಹ್ನವಿ ಒಂದು ವಿಷಯದಲ್ಲಿ ಆರು ವರ್ಷದಿಂದ ಸುಳ್ಳು ಹೇಳುತ್ತ ಬಂದಿದ್ದಳು. ಅದೂ ಬರವಣಿಗೆಯಲ್ಲಿ.

ಬೆಂಗಳೂರಿನಲ್ಲಿ, ಮಕ್ಕಳಿಲ್ಲದವರಿಗೆ ಬಾಡಿಗೆ ತಾಯಂದಿರನ್ನು ಗೊತ್ತು ಮಾಡಿಕೊಡುವ ಒಂದು ಏಜೆನ್ಸಿ ಇತ್ತು. ಹೊಸದಾಗಿ ಬಂದ ದಂಪತಿ "ನಿಮ್ಮನ್ನು ಹೇಗೆ ನಂಬೋದು?" ಎಂದು ಕೇಳಿದರೆ ಅಲ್ಲಿಯ ರೆಜಿನಾ ಮೇಡಂ ತಡವರಿಸದೆ ಒಂದು ನಂಬರ್ ಕೊಡುತ್ತಿದ್ದರು. "ನಮ್ಮ ಹಳೇ ಪೇರೆಂಟ್ ಒಬ್ಬರು ದೋಹಾದಲ್ಲಿದ್ದಾರೆ. ಹೆಸರು ಹೇಳೋದಿಲ್ಲ, ಮೆಸೇಜ್ ಮಾಡಿ, ಅವರನ್ನೇ ಕೇಳಿ" ಎನ್ನುತ್ತಿದ್ದರು. ಆ ಹೆಸರಿಲ್ಲದ ತಾಯಿಯೇ ಜಾಹ್ನವಿ. ಇದಕ್ಕೆಂದೇ ಒಂದು ಬೇರೆ ಸಿಮ್ಮು, ಒಂದು ಹಳೆಯ ಫೋನು. ಕೇಳಿದವರಿಗೆಲ್ಲ ಇಂಗ್ಲಿಷಿನಲ್ಲಿ ಒಂದೇ ಉತ್ತರ: "ನಂಬಿಕಸ್ಥರು. ನಮ್ಮ ಮಗುವನ್ನು ಹೊತ್ತ ಹೆಂಗಸನ್ನು ಮನೆಮಗಳ ಹಾಗೆ ನೋಡಿಕೊಂಡರು. ಧೈರ್ಯವಾಗಿ ಮುಂದುವರಿಯಿರಿ." ಹೀಗೆ ಹನ್ನೊಂದು ಜನಕ್ಕೆ ಕಳಿಸಿದ್ದಳು. ಕಳಿಸಿದ ದಿನ ಊಟ ಸೇರುತ್ತಿರಲಿಲ್ಲ. ಮಾರನೇ ದಿನ ಸೇರುತ್ತಿತ್ತು, ಅದೇ ಅವಳಿಗೆ ಇನ್ನೂ ಹೆಚ್ಚು ನಾಚಿಕೆ.

ಸುಳ್ಳು ಹೇಗೆ ಶುರುವಾಯಿತು ಅಂದರೆ, ಎಲ್ಲ ಸುಳ್ಳುಗಳ ಹಾಗೆ, ಒಂದು ಆಸೆಯಿಂದ. ಜಾಹ್ನವಿ ಮತ್ತು ಗಂಡ ಯತಿರಾಜ್ ಮೈಸೂರಿನವರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮೂರು ಬಸಿರು ನಿಂತವು, ಮೂರೂ ಇಳಿದವು. ನಾಲ್ಕನೆಯದನ್ನು ಈ ಗರ್ಭಕೋಶ ತಡೆಯುವುದಿಲ್ಲ ಎಂದರು ಡಾಕ್ಟರು. ಆಗಿನ್ನೂ ಹೊಸ ಕಾಯ್ದೆ ಬಂದಿರಲಿಲ್ಲ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಬೇರೆಯವರ ಬಸಿರಲ್ಲಿ ಮಗು ಪಡೆಯಬಹುದಿತ್ತು. ಕತಾರಿನಲ್ಲಿ ಆ ಮಾತನ್ನು ಎತ್ತುವ ಹಾಗೂ ಇರಲಿಲ್ಲ. ಜಾಹ್ನವಿ ಮೂರು ಏಜೆನ್ಸಿಗಳ ಕರಾರು ತರಿಸಿಕೊಂಡಳು. ಆಫೀಸಿನ ಶಿಸ್ತಿನಲ್ಲಿ ಇಪ್ಪತ್ತಮೂರು ಪ್ರಶ್ನೆಗಳ ಪಟ್ಟಿ ಮಾಡಿದಳು. ಲೈಸೆನ್ಸು ಯಾರ ಹೆಸರಲ್ಲಿದೆ, ಡಾಕ್ಟರು ಯಾರು, ಮಗುವಿನ ಜನನ ಪತ್ರ ಎಷ್ಟು ದಿನಕ್ಕೆ, ಪಾಸ್‌ಪೋರ್ಟ್ ಹೇಗೆ. ಮಗುವನ್ನು ಹೊರುವವಳಿಗೆ ಹೆರಿಗೆಯಾದ ಮೇಲೆ ಏನು ಗತಿ ಎಂಬ ಪ್ರಶ್ನೆ ಆ ಇಪ್ಪತ್ತಮೂರರಲ್ಲಿ ಇರಲಿಲ್ಲ. ಇದ್ದದ್ದನ್ನು ಮರೆತದ್ದಲ್ಲ, ಹೊಳೆದೇ ಇರಲಿಲ್ಲ.

ಕೊನೆಗೆ ಅವಳು ಆರಿಸಿದ್ದು ಪಟ್ಟಿ ನೋಡಿಯೂ ಅಲ್ಲ. ರೆಜಿನಾ ಮೇಡಂ ಕೊಟ್ಟ ಒಂದು ನಂಬರಿಗೆ ಫೋನ್ ಮಾಡಿದ್ದಳು. ಮಸ್ಕತ್ತಿನಲ್ಲಿದ್ದ ಯಾವುದೋ ತಾಯಿ. "ತುಂಬಾ ಒಳ್ಳೇ ಜನ" ಎಂದು ಹೇಳುವ ಮೊದಲು ಆ ಹೆಂಗಸು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಜಾಹ್ನವಿ ಆಗ ಲೈನು ಸರಿಯಿಲ್ಲ ಅಂದುಕೊಂಡಿದ್ದಳು.

ಇನ್ನು ಜನಕ್ಕೆ ಏನು ಹೇಳುವುದು? ದೋಹಾದಲ್ಲಿ ನಮ್ಮವರ ಹೆಂಗಸರು ಏಳನೇ ತಿಂಗಳಿಗೆ ತವರಿಗೆ ಹೋಗಿ, ಮಗುವಿಗೆ ಮೂರು ತಿಂಗಳಾದ ಮೇಲೆ ವಾಪಸಾಗುವುದು ವಾಡಿಕೆ. ಆ ವಾಡಿಕೆಯೇ ದಾರಿ ತೋರಿಸಿತು. ಬೆಂಗಳೂರಿನಲ್ಲಿ ಬಸಿರು ನಿಂತ ಸುದ್ದಿ ಬಂದ ಮೇಲೆ ಜಾಹ್ನವಿ ಇಲ್ಲಿ ಸಡಿಲ ಉಡುಪು ತೊಟ್ಟಳು, ಆಮೇಲೆ ಒಳಗೆ ಹತ್ತಿಯ ಪಟ್ಟಿ ಕಟ್ಟಿಕೊಂಡಳು, ಆಫೀಸಿಗೆ ರಜೆ ಬರೆದಳು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಪಕ್ಕದ ಕಾಂಪೌಂಡಿನ ಕಾಂತಾಮಣಿ ಆಂಟಿ ಬಿಡಬೇಕಲ್ಲ! ಮೂವತ್ತು ವರ್ಷದಿಂದ ದೋಹಾದ ಎಲ್ಲ ಬಸುರಿಯರಿಗೂ ತಾನೇ ತಾಯಿ ಎಂದುಕೊಂಡ ಹೆಂಗಸು ಅವರು. "ತವರು ದೂರ ಆದ್ರೇನೇ, ನಾನಿಲ್ವಾ?" ಎಂದು ಸೀಮಂತ ಇಟ್ಟುಕೊಂಡೇಬಿಟ್ಟರು. ಹಸಿರು ಸೀರೆ, ಮಲ್ಲಿಗೆ ಮೊಗ್ಗಿನ ಜಡೆ, ಐದು ಥರ ಚಿತ್ರಾನ್ನ. ಹೊಟ್ಟೆಯ ಹತ್ತಿ ಬೆವರಿಗೆ ನೆನೆದು ಜಾರುತ್ತಿತ್ತು. ಜಾಹ್ನವಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ನೋಡಿದವರಿಗೆ ಅದು ಲಕ್ಷಣವಾಗಿ ಕಂಡಿತು.

ಅವತ್ತು ಕಾಂತಾಮಣಿ ಆಂಟಿ ಇನ್ನೊಂದು ಕೆಲಸ ಮಾಡಿದರು. ದೋಹಾದ ಬಿನ್ ಮಹಮೂದ್ ಬಡಾವಣೆಯಿಂದ ಬಂದಿದ್ದ ಪ್ರಾರ್ಥನಾ ಎಂಬ ಹುಡುಗಿಯನ್ನು ಕೈಹಿಡಿದು ಎಬ್ಬಿಸಿ, ಬಸುರಿಯ ಪಕ್ಕದಲ್ಲಿ ಕೂರಿಸಿದರು. ಅವಳಿಗೆ ಮದುವೆಯಾಗಿ ಎರಡು ವರ್ಷ, ಇನ್ನೂ ಏನೂ ಇಲ್ಲ. ಬಸುರಿಯ ಕೈಬಳೆ ತೆಗೆದು ತೊಡಿಸಿದರೆ ಬೇಗ ಫಲ ಎಂದು ಜಾಹ್ನವಿಯ ಕೈಯಿಂದಲೇ ನಾಲ್ಕು ಹಸಿರು ಬಳೆ ತೆಗೆಸಿ ಅವಳಿಗೆ ತೊಡಿಸಿದರು. ಪ್ರಾರ್ಥನಾ ಬಗ್ಗಿ ಜಾಹ್ನವಿಯ ಕಾಲು ಮುಟ್ಟಿದಳು. ದೇವರು ಇಂಥ ಹೊತ್ತಲ್ಲಿ ಭೂಮಿ ಬಾಯಿಬಿಡುವ ಹಾಗೆ ಮಾಡಬೇಕು, ಮಾಡುವುದಿಲ್ಲ. ಜಾಹ್ನವಿ ಅವಳ ತಲೆಯ ಮೇಲೆ ಕೈಯಿಟ್ಟು "ಒಳ್ಳೇದಾಗಲಿ" ಎಂದಳು.

ಮಗುವನ್ನು ಹೊತ್ತವಳ ಹೆಸರು ಮಾದೇವಿ. ನಂಜನಗೂಡಿನ ಕಡೆಯವಳು, ಇಬ್ಬರು ಮಕ್ಕಳ ತಾಯಿ. ಜಾಹ್ನವಿ ಅವಳನ್ನು ಎರಡೇ ಸಲ ನೋಡಿದ್ದು. ಏಜೆನ್ಸಿಯ ಹಾಸ್ಟೆಲಿನಲ್ಲಿ ಒಮ್ಮೆ, ಆಸ್ಪತ್ರೆಯಲ್ಲಿ ಒಮ್ಮೆ. ನಂಬರ್ ಕೊಡಬಾರದು ಎಂಬ ನಿಯಮವಿದ್ದರೂ ಜಾಹ್ನವಿ ಹಾಸ್ಟೆಲಿನ ಬಾಗಿಲಲ್ಲಿ ತನ್ನ ನಂಬರನ್ನು ಚೀಟಿಯಲ್ಲಿ ಬರೆದು ಅವಳಿಗೆ ಕೊಟ್ಟಿದ್ದಳು, ಯಾಕೆಂದು ತನಗೇ ಗೊತ್ತಿಲ್ಲದೆ. ಹೆಣ್ಣುಮಗು ಹುಟ್ಟಿತು. ಗೋದಾ ಎಂದು ಹೆಸರಿಟ್ಟರು. "ಸಣ್ಣ ಕಾಂಪ್ಲಿಕೇಶನ್ ಇತ್ತು, ಎಲ್ಲ ಹ್ಯಾಂಡಲ್ ಮಾಡಿದೀವಿ" ಎಂದರು ರೆಜಿನಾ ಮೇಡಂ. ಮಗು ಕೈಗೆ ಬಂದವರಿಗೆ ಬೇರೆ ಯಾವುದೂ ಕಿವಿಗೆ ಬೀಳುವುದಿಲ್ಲ.

ದೋಹಾಕ್ಕೆ ಮರಳಿದ ಮೇಲೆ ಒಂದು ದಿನ ಮಾದೇವಿಯೇ ಫೋನ್ ಮಾಡಿದಳು.

"ಅಕ್ಕಾ, ಕೂಸು ಹಾಲು ಕುಡೀತದಾ?" ಎಂದು ಮೊದಲು ಕೇಳಿದಳು. ಆಮೇಲೆ ಒಂದೊಂದೇ ಹೇಳಿದಳು. ರಕ್ತ ನಿಲ್ಲಲಿಲ್ಲವಂತೆ, ಗರ್ಭಕೋಶವನ್ನೇ ತೆಗೆದರಂತೆ. ಆರು ವಾರ ನೋಡಿಕೊಳ್ಳುತ್ತೇವೆ ಅಂದವರು ಐದನೇ ದಿನಕ್ಕೆ ಬಸ್ಸು ಹತ್ತಿಸಿದರಂತೆ. ಹೊಲಿಗೆ ಬಿಟ್ಟುಕೊಂಡು ಕೀವಾಗಿದೆ, ಮೇಡಂ ಫೋನ್ ಎತ್ತುತ್ತಿಲ್ಲ. "ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ ಕನಕ್ಕಾ" ಎಂದಳು. ಜಾಹ್ನವಿ "ಆಮೇಲೆ ಮಾಡ್ತೀನಿ" ಎಂದು ಮಾತಿನ ನಡುವೆಯೇ ಫೋನ್ ಇಟ್ಟಳು.

ರೆಜಿನಾ ಮೇಡಮ್ಮನ್ನು ಕೇಳಿದಾಗ ಅವರು ಅಷ್ಟೇ ಮೃದುವಾಗಿ ಹೇಳಿದರು. "ಜಾಹ್ನವಿ, ಇದರಲ್ಲಿ ನೀವು ಕೈಹಾಕಿದರೆ ಕೇಸು ಅಂತ ಆಗುತ್ತೆ. ಕೇಸು ಅಂದ್ರೆ ನಿಮ್ಮ ಹೆಸರೂ, ಮಗು ಹೆಸರೂ ಬರುತ್ತೆ. ಬೇಕಾ?" ಯತಿರಾಜ್ ಕೂಡ "ಖಲಾಸ್, ಮುಗಿದ ಕಥೆ. ನಾವು ಮಾಡಿದ ತಪ್ಪೇನಿದೆ ಅದರಲ್ಲಿ?" ಎಂದ. ಜಾಹ್ನವಿ ಮಾದೇವಿಯ ನಂಬರನ್ನು ಬ್ಲಾಕ್ ಮಾಡಿದಳು. ತೊಡೆಯ ಮೇಲೆ ಗೋದಾ ನಿದ್ದೆ ಹೋಗಿದ್ದಳು. ಎರಡು ತಿಂಗಳಿಗೆ ರೆಜಿನಾ ಮೇಡಂ "ನಿಮ್ಮಂಥ ಹ್ಯಾಪಿ ಪೇರೆಂಟ್ ನಂಬರನ್ನು ಒಂದಿಬ್ಬರಿಗೆ ಕೊಡಲಾ?" ಎಂದು ಕೇಳಿದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಾಗಿತ್ತು, ನುಂಗುವುದೊಂದೇ ಬಾಕಿ.

ಆಮೇಲೆ ಕಾಯ್ದೆ ಬಂತು, ದುಡ್ಡಿನ ಬಾಡಿಗೆ ತಾಯ್ತನ ನಿಂತಿತು. ಏಜೆನ್ಸಿ ನಿಲ್ಲಲಿಲ್ಲ, ಬೋರ್ಡು ಬದಲಾಯಿಸಿ ಜಾರ್ಜಿಯಾ ದೇಶದಲ್ಲಿ ಅಂಗಡಿ ತೆರೆಯಿತು. ಹೊರುವವರು ಬೇರೆ ಹೆಂಗಸರು, ಕರೆತರುವುದು ಅದೇ ರೆಜಿನಾ, ಶಿಫಾರಸು ಅದೇ ದೋಹಾದ ತಾಯಿ.

ಈ ವರ್ಷ ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ, ಯತಿರಾಜ್ ಗೋದಾಳನ್ನು ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಾಗ, ಪ್ರಾರ್ಥನಾ ಒಂದು ನೀಲಿ ಫೈಲು ಹಿಡಿದು ಬಂದಳು. ಮೊದಲೇ ಫೋನ್ ಮಾಡಿ ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ಮದುವೆಯಾದ ಎಂಟು ವರ್ಷದಲ್ಲಿ ಅವಳ ಮುಖ ತೆಳ್ಳಗಾಗಿತ್ತು.

"ಜಾಹ್ನವಿ ಅಕ್ಕ, ಇದು ನಿಮಗೊಬ್ಬರಿಗೇ ಹೇಳ್ತಿರೋದು. ನಮ್ಮನೆಯವರು, ವಿನಯ್ ಕೂಡ, ಕಾಗದ ಅಂದ್ರೆ ಜಾಹ್ನವಿ ಅಕ್ಕನಿಗೆ ತೋರಿಸು ಅಂದ್ರು. ನಾವು ಸರೋಗಸಿಗೆ ಹೋಗ್ತಾ ಇದೀವಿ. ಭಾನುವಾರ ಸೈನ್ ಮಾಡ್ಬೇಕು. ಒಂದ್ಸಲ ಓದಿಬಿಡಿ."

ಫೈಲಿನ ಮೊದಲ ಪುಟದಲ್ಲಿ ಇದ್ದದ್ದು ರೆಜಿನಾ ಮೇಡಂ ಏಜೆನ್ಸಿಯ ಹೆಸರು. ಜಾಹ್ನವಿ ಓದುವ ನೆಪದಲ್ಲಿ ತಲೆ ಬಗ್ಗಿಸಿದಳು. ಕೆಲಸದ ಅಭ್ಯಾಸ ಎಷ್ಟು ಗಟ್ಟಿ ನೋಡಿ, ಅಂಥ ಹೊತ್ತಲ್ಲೂ ಅವಳ ಕಣ್ಣು ಕರಾರನ್ನು ಸಾಲುಸಾಲಾಗಿ ಜಾಲಾಡಿತು. ಮಗುವಿನ ಬಗ್ಗೆ ಹನ್ನೆರಡು ಕಲಮು. ದಂಪತಿಯ ಹಕ್ಕಿನ ಬಗ್ಗೆ ಒಂಬತ್ತು. ಹೊರುವವಳ ಬಗ್ಗೆ ಹೆರಿಗೆಯ ದಿನದ ತನಕ ಎಲ್ಲ ಇತ್ತು: ಏನು ತಿನ್ನಬೇಕು, ಏನು ತಿನ್ನಬಾರದು, ಎಲ್ಲಿಗೆ ಹೋಗಬಾರದು. ಹೆರಿಗೆಯ ಮಾರನೇ ದಿನದಿಂದ ಅವಳು ಕಾಗದದಲ್ಲಿ ಇರಲೇ ಇಲ್ಲ.

"ಇಲ್ಲಿ ನೋಡು," ಎಂದಳು ಜಾಹ್ನವಿ. "ಹೆರಿಗೆ ಆದ್ಮೇಲೆ ಆಕೆಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ಕೋತಾರೆ ಅಂತ ಬರೆದಿಲ್ಲ. ಇದು ಸರಿಯಿಲ್ಲ ಪ್ರಾರ್ಥನಾ. ಸೈನ್ ಮಾಡ್ಬೇಡ."

ಇಷ್ಟರಲ್ಲೇ ಪಾರಾಗಬಹುದು ಎಂದು ಅವಳ ಮನಸ್ಸು ಲೆಕ್ಕ ಹಾಕುತ್ತಿತ್ತು. ಕಾಗದದ ತಪ್ಪು ತೋರಿಸಿದರೆ ಸಾಕು, ತನ್ನ ತಪ್ಪು ಹೇಳಬೇಕಿಲ್ಲ. ಆಸೆ ಒಳ್ಳೆಯದೇ, ಆದರೆ ಪ್ರಾರ್ಥನಾ ನಕ್ಕುಬಿಟ್ಟಳು.

"ಅಯ್ಯೋ ಅಕ್ಕ, ಅದನ್ನ ನಾನೂ ಕೇಳ್ದೆ. ವಿನಯ್ ಅಂತೂ ಅದೊಂದಕ್ಕೇ ಬೇಡ ಅಂತ ಕೂತಿದ್ರು. ಆಮೇಲೆ ರೆಜಿನಾ ಮೇಡಂ ಒಬ್ಬರ ನಂಬರ್ ಕೊಟ್ರು. ನಮ್ಮ ದೋಹಾದಲ್ಲೇ ಇರೋ ತಾಯಿ ಅಂತೆ. ಅವರ ಮೆಸೇಜ್ ಬಂದ ಮೇಲೇ ನಮಗೆ ಧೈರ್ಯ ಬಂದದ್ದು. ಇರಿ, ಓದ್ತೀನಿ." ಫೋನ್ ತೆಗೆದು ಇಂಗ್ಲಿಷಿನಲ್ಲಿ ಓದಿ, ಆಮೇಲೆ ತನ್ನ ಮಾತಿನಲ್ಲೇ ಹೇಳಿದಳು. "ಹೊತ್ತ ಹೆಂಗಸನ್ನ ಮನೆಮಗಳ ಹಾಗೆ ನೋಡಿಕೊಂಡ್ರಂತೆ. ಇದನ್ನ ಎಷ್ಟು ಸಲ ಓದಿದೀನೋ. ಯಾರೋ ಪುಣ್ಯಾತ್ಗಿತ್ತಿ."

ಮೂರು ವಾರದ ಹಿಂದೆ, ಕುಕ್ಕರ್ ಕೂಗುವುದನ್ನು ಕಾಯುತ್ತಾ ನಿಂತು, ಜಾಹ್ನವಿ ಆ ಮೂರು ವಾಕ್ಯವನ್ನು ಹಳೆಯ ಮೆಸೇಜಿನಿಂದ ಎತ್ತಿ ಹಾಗೇ ಕಳಿಸಿದ್ದಳು. ಯಾರಿಗೆ ಎಂದೂ ನೋಡಿರಲಿಲ್ಲ.

"ಆ ಮೆಸೇಜನ್ನ ನಂಬಬೇಡ," ಎಂದಳು.

"ಯಾಕೆ? ಗುರುತು ಪರಿಚಯ ಇಲ್ಲದ ನಮಗೆ ಅವರು ಯಾಕೆ ಸುಳ್ಳು ಹೇಳ್ತಾರೆ ಅಕ್ಕ? ಅವರಿಗೇನು ಲಾಭ?"

ಸುಮ್ಮನಿರಲು ಇನ್ನೂ ಅವಕಾಶವಿತ್ತು. ಗೋದಾ ಬರುವ ಹೊತ್ತಾಗುತ್ತದೆ ಎನ್ನಬಹುದಿತ್ತು, ಕಾಫಿ ಮಾಡುತ್ತೇನೆ ಎಂದು ಏಳಬಹುದಿತ್ತು. ನಾಳೆ ಕಾಂತಾಮಣಿ ಆಂಟಿಯ ಮುಖ, ಆಫೀಸಿನವರ ಮುಖ, ದೊಡ್ಡವಳಾದ ಮೇಲೆ ಗೋದಾಳ ಮುಖ, ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು. ಎದುರಿಗೆ ಇದ್ದದ್ದು ಪ್ರಾರ್ಥನಾಳ ಮುಖ ಒಂದೇ.

"ಲಾಭ ಇತ್ತು," ಎಂದಳು ಜಾಹ್ನವಿ. "ಅದನ್ನ ಬರೆದದ್ದು ನಾನು."

ಪ್ರಾರ್ಥನಾಗೆ ಮೊದಲು ಅರ್ಥವಾಗಲಿಲ್ಲ. ಜಾಹ್ನವಿ ಎಲ್ಲ ಹೇಳಿದಳು: ಮೂರು ಬಸಿರು, ಬೆಂಗಳೂರು, ಹತ್ತಿಯ ಪಟ್ಟಿ, ಮಾದೇವಿ, ಐದನೇ ದಿನದ ಬಸ್ಸು. ಆಫೀಸಿನ ಕಾಗದ ಓದಿದ ಹಾಗೆ ಓದಿ ಮುಗಿಸಿದಳು. ಅಳಲಿಲ್ಲ; ಅತ್ತರೆ ಪ್ರಾರ್ಥನಾ ಸಮಾಧಾನ ಮಾಡಬೇಕಾಗುತ್ತದೆ, ಅದಕ್ಕೂ ತನಗೆ ಹಕ್ಕಿಲ್ಲ ಅನಿಸಿತು.

ಪ್ರಾರ್ಥನಾ ಫೈಲಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಆ ಬಳೆ ಒಡೆದುಹೋಗೋ ತನಕ ನಾನು ತೆಗೀಲಿಲ್ಲ, ಗೊತ್ತಾ?" ಎಂದಳು. "ಪ್ರತಿ ತಿಂಗಳೂ ನನ್ನದೇ ಏನೋ ಪಾಪ ಅಂದ್ಕೊಂಡೆ. ಜಾಹ್ನವಿ ಅಕ್ಕನ ಆಶೀರ್ವಾದವೂ ಹತ್ತಲಿಲ್ಲವಲ್ಲ ಅಂತ."

"ತಪ್ಪಾಯ್ತು" ಎಂದಳು ಜಾಹ್ನವಿ. ಆ ಮಾತು ಎಷ್ಟು ಸಣ್ಣದು ಎಂದು ಹೇಳುವಾಗಲೇ ತಿಳಿಯಿತು.

"ನನಗೆ ಮಾಡಿದ್ದು ಇರಲಿ. ಆಕೆ ಈಗ ಹೇಗಿದಾಳೆ?"

"ಗೊತ್ತಿಲ್ಲ. ಬ್ಲಾಕ್ ಮಾಡಿದ್ನಲ್ಲ."

"ಆರು ವರ್ಷ?"

ಜಾಹ್ನವಿ ತಲೆಯಾಡಿಸಿದಳು.

ಪ್ರಾರ್ಥನಾ ಎದ್ದಳು. ಹೊರಟುಹೋಗುತ್ತಾಳೆ ಅಂದುಕೊಂಡರೆ, ಬಾಗಿಲ ತನಕ ಹೋಗಿ ವಾಪಸು ಬಂದು ಫೈಲನ್ನು ಮೇಜಿನ ಮೇಲೆ ಇಟ್ಟಳು. "ನಾವಿಬ್ರೂ ದಡ್ಡರು ಅಕ್ಕ. ಒಂದು ಏಜೆನ್ಸಿ ಒಳ್ಳೇದೋ ಕೆಟ್ಟದ್ದೋ ಅಂತ ಮಗು ಎತ್ಕೊಂಡು ಬಂದವರನ್ನ ಕೇಳ್ತಾ ಕೂತಿದೀವಿ. ಕೇಳ್ಬೇಕಿದ್ದದ್ದು ಹೆತ್ತವಳನ್ನ. ಫೋನ್ ಹಚ್ಚಿ. ನಾನು ಕೇಳ್ತೀನಿ. ಅವಳು ಹೇಳಿದ ಮೇಲೆ ಸೈನ್ ಮಾಡ್ಬೇಕೋ ಬೇಡ್ವೋ ನೋಡೋಣ. ನಿಮ್ಮ ಮಾತು ನನಗೆ ಬೇಡ, ಇವತ್ತಿನದ್ದೂ ಬೇಡ."

ಅದು ನ್ಯಾಯವೇ. ಇವತ್ತಿನ ಮಾತಾದರೂ ನಿಜ ಎಂದು ನಂಬಲು ಪ್ರಾರ್ಥನಾಗೆ ಯಾವ ಆಧಾರವಿದೆ?

ಬ್ಲಾಕ್ ಮಾಡಿದ ನಂಬರುಗಳ ಪಟ್ಟಿಯಲ್ಲಿ ಒಂದು ಬ್ಯಾಂಕಿನ ಸಾಲದವರು, ಒಂದು ಜಾಹೀರಾತಿನವರು, ಅವರ ಕೆಳಗೆ ಮಾದೇವಿ. ಜಾಹ್ನವಿ ಎರಡು ಸಲ ತಪ್ಪಾಗಿ ಒತ್ತಿದಳು. ನಂಬರ್ ಬದಲಾಗಿರಲಿ ಎಂದು ಒಂದು ಗಳಿಗೆ ಬೇಡಿಕೊಂಡಳು, ಬೇಡಿಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು. ರಿಂಗಾಯಿತು. ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು.

"ಯಾರೂ?" ಎಂದಿತು ದನಿ. ಹಿಂದೆ ಎಲ್ಲೋ ಹೊಲಿಗೆ ಯಂತ್ರಗಳ ಸದ್ದು, ಬಹಳ ಯಂತ್ರಗಳು, ಗಾರ್ಮೆಂಟ್ಸ್ ಇರಬೇಕು.

"ಮಾದೇವಿ, ನಾನು ಜಾಹ್ನವಿ. ದೋಹಾದಿಂದ."

ಬಾಗಿಲು ಮುಚ್ಚಿದ ಹಾಗಾಯಿತು, ಯಂತ್ರಗಳ ಸದ್ದು ದೂರವಾಯಿತು.

"ಹೇಳಿ ಅಕ್ಕ," ಎಂದಳು ಮಾದೇವಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ.

ಪ್ರಾರ್ಥನಾ ಫೋನಿನ ಕಡೆ ಬಾಗಿದಳು. "ನನ್ನ ಹೆಸರು ಪ್ರಾರ್ಥನಾ. ನಾನೂ ಆ ಏಜೆನ್ಸಿಗೆ ಹೋಗೋಣ ಅಂತಿದೀನಿ. ಅವರು ನಿಮ್ಮನ್ನ ಹೇಗೆ ನೋಡ್ಕೊಂಡ್ರು ಅಂತ ನಿಮ್ಮನ್ನೇ ಕೇಳ್ಬೇಕಿತ್ತು."

ಮಾದೇವಿಯ ಉತ್ತರ ಪ್ರಾರ್ಥನಾಗೆ ಅಲ್ಲ, ಜಾಹ್ನವಿಗೆ.

"ಅಕ್ಕಾ, ಅವರು ನಿಮ್ಮ ಜೊತೆನೇ ಇದಾರಾ?"

"ಇದಾರೆ."

"ಏನ್ ಹೇಳ್ಲಿ ಅಕ್ಕ?" ಮಾದೇವಿ ದನಿ ತಗ್ಗಿಸಿದಳು. "ಏನಂದ್ರೆ ನಿಮ್ಗೂ ಕೂಸ್ಗೂ ತೊಂದ್ರೆ ಆಗಲ್ಲ ಹೇಳಿ, ಅದ್ನೇ ಹೇಳ್ತೀನಿ. ಚೆನ್ನಾಗಿ ನೋಡ್ಕಂಡ್ರು ಅನ್ಲಾ?"

ಪ್ರಾರ್ಥನಾ ಮುಖ ಮುಚ್ಚಿಕೊಂಡಳು. ಜಾಹ್ನವಿಗೆ ತಾನು ಹನ್ನೊಂದು ಸಲ, ಪ್ರಾರ್ಥನಾಳದ್ದೂ ಸೇರಿ ಹನ್ನೆರಡು ಸಲ, ಯಾರ ಹೆಸರಿನಲ್ಲಿ ಸುಳ್ಳು ಬರೆದಿದ್ದೆ ಎಂದು ಆಗಲೇ ಪೂರ್ತಿ ತಿಳಿದದ್ದು. ಇಷ್ಟು ಹೊತ್ತು ತಡೆದದ್ದು ತಡೆಯಲಾಗದೆ ಅವಳು ಅತ್ತುಬಿಟ್ಟಳು.

"ಬೇಡ ಮಾದೇವಿ," ಎಂದಳು. "ನಡೆದದ್ದು ಹೇಳು. ಅವತ್ತು ನನಗೆ ಹೇಳಕ್ಕೆ ಹೊರಟಿದ್ಯಲ್ಲ, ಅದೆಲ್ಲ. ನನ್ನ ಹೆಸರು ಹಿಡಿದೇ ಹೇಳು."

"ಭಾಳ ಹೊತ್ತಾಯ್ತದೆ ಅಕ್ಕ."

"ಆಗಲಿ. ನಾನೂ ಕೇಳ್ತೀನಿ."

ಮಾದೇವಿ ಯಾರಿಗೋ ಹತ್ತು ನಿಮಿಷ ಬಿಟ್ಟು ಬರ್ತೀನಿ ಎಂದು ಕೂಗಿ ಹೇಳಿದಳು. ಆಮೇಲೆ ಹಾಸ್ಟೆಲಿಗೆ ಹೋದ ಮೊದಲ ದಿನದಿಂದ ಶುರು ಮಾಡಿದಳು.